ಮಂಜುಗಡ್ಡೆಯ ಮೇಲಿನ ಗುದ್ದಾಟಕ್ಕೆ ಐದು ನಿಮಿಷದ ಬೆಲೆ

ಹಿಂದಿನ ಸಂಚಿಕೆಯಲ್ಲಿ ಐಸ್ ಹಾಕಿಯ ನಿಯಮಗಳನ್ನು ವಿವರಿಸುವಾಗ ಆಟಗಾರರ ಗುದ್ದಾಟದ ಸಂಗತಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೆ. ಓದುಗರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕೇಳಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: 2025ರ ಫೆಬ್ರುವರಿಯಲ್ಲಿ ಕೆನಡಾ ಮತ್ತು ಅಮೆರಿಕದ ನಡುವೆ ನಡೆದ ಐಸ್ ಹಾಕಿ ಪಂದ್ಯದ ತುಣುಕೊಂದನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಆಟ ಶುರುವಾಗಿ ಒಂಬತ್ತು ಸೆಕೆಂಡಿನೊಳಗೆ ಮೂರು ಜಗಳ! ತೀರ್ಪುಗಾರರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನಾನು ಹರೆಯದಿಂದಲೂ ಮೈದಾನದ ಹಾಕಿ ಆಡಿದವನು, ಆಮೇಲೆ ಆಡಿಸಿದವನು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ಮುಖಕ್ಕೆ ತಗುಲಿತೆಂದು ರೆಡ್ ಕಾರ್ಡ್ ಕೊಟ್ಟು ಹೊರಗೆ ಕಳುಹಿಸಿದರು. ಎರಡನ್ನೂ ಹಾಕಿ ಎಂದು ಕರೆಯುವುದು ಹೇಗೆ?
— ಓದುಗರು, ಗೋಣಿಕೊಪ್ಪಲು

ಉತ್ತರ: ಹೆಸರು ಒಂದೇ ಆದರೂ ಕಾನೂನು ಬೇರೆ ಎಂದು ಹೇಳಿ ಮುಗಿಸಬಹುದು, ಆದರೆ ಆಡಿ ಆಡಿಸಿದ ನಿಮ್ಮಂಥವರಿಗೆ ಅಷ್ಟು ಸಾಲದು. ಮೈದಾನದ ಹಾಕಿಯಲ್ಲಿ ಎದುರಾಳಿಯ ಮೈಗಾಗಲಿ ಸ್ಟಿಕ್ಕಿಗಾಗಲಿ ಅಡ್ಡಿಪಡಿಸುವುದೇ ತಪ್ಪು. ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕಡಿಮೆಯೆಂದರೆ ಐದು ನಿಮಿಷ ಹೊರಗೆ, ಕೆಂಪು ಬಂದರೆ ಆ ಪಂದ್ಯವೇ ಮುಗಿದಂತೆ. 2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ರೋಹಿದಾಸ್ ಹೊರನಡೆದ ಮೇಲೆ ಭಾರತ ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ಹತ್ತೇ ಮಂದಿಯಿಂದ ಆಡಿ, 1–1ರ ಸಮಬಲ ಉಳಿಸಿಕೊಂಡು, ಶೂಟೌಟ್‌ನಲ್ಲಿ 4–2ರಿಂದ ಗೆದ್ದುದನ್ನು ನೀವು ನೋಡಿಯೇ ಇರುತ್ತೀರಿ. ಶಿಕ್ಷೆ ಅಲ್ಲಿಗೂ ನಿಲ್ಲದೆ, ಜರ್ಮನಿ ವಿರುದ್ಧದ ಸೆಮಿಫೈನಲ್‌ನಲ್ಲೂ ಅವರು ಹೊರಗೇ ಕೂರಬೇಕಾಯಿತು.

ಐಸ್ ಹಾಕಿಯಲ್ಲಿ ಮೈಗೆ ಮೈ ತಾಗಿಸುವುದು ಆಟದ ಭಾಗವೇ. ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯಾದ ಪಕ್ ಯಾರ ಬಳಿ ಇದೆಯೋ ಅವನನ್ನು ಭುಜದಿಂದ ಅಥವಾ ಸೊಂಟದಿಂದ ಗುದ್ದಿ ಉರುಳಿಸಬಹುದು. ಅದಕ್ಕೆ ಬಾಡಿ ಚೆಕ್ ಎನ್ನುತ್ತಾರೆ. ಮುಷ್ಟಿ ಗುದ್ದಾಟ ಮಾತ್ರ ಅಲ್ಲಿಯೂ ಅಪರಾಧವೇ. ಆದರೆ ಆ ಅಪರಾಧಕ್ಕೆ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ 1922ರಲ್ಲೇ ಒಂದು ಬೆಲೆ ಕಟ್ಟಿಬಿಟ್ಟಿತು. ಹವ್ಯಾಸಿ ಆಟದಲ್ಲಿ ಗುದ್ದಿದವನನ್ನು ಪಂದ್ಯದಿಂದ ಹೊರಹಾಕುವ ಪದ್ಧತಿಯಿದ್ದಾಗ ಈ ಲೀಗ್ ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಿಸಿದರೆ ಸಾಕು ಎಂದಿತು. ಅದರ ಒಳಗುಟ್ಟು ಇನ್ನೂ ಸ್ವಾರಸ್ಯವಾಗಿದೆ. ಇಬ್ಬರೂ ಸಮನಾಗಿ ಹೊಡೆದಾಡಿದರೆ ಇಬ್ಬರಿಗೂ ಐದೈದು ನಿಮಿಷ. ಎರಡು ಶಿಕ್ಷೆಗಳು ಒಂದಕ್ಕೊಂದು ವಜಾ ಆಗುವುದರಿಂದ ಎರಡೂ ತಂಡಗಳು ಬದಲಿ ಆಟಗಾರರನ್ನು ಇಳಿಸಿ ಪೂರ್ಣ ಬಲದಿಂದಲೇ ಆಟ ಮುಂದುವರಿಸುತ್ತವೆ. ಅಂದರೆ ಹೊಡೆದಾಡಿದವರು ಕೂತಿರುತ್ತಾರೆ, ತಂಡಕ್ಕೆ ಕಾಸಿನ ನಷ್ಟವೂ ಇಲ್ಲ. ರೋಹಿದಾಸ್ ಅವರ ಒಂದು ತಪ್ಪಿಗೆ ಉಳಿದ ಹತ್ತು ಮಂದಿ ಬೆವರು ಹರಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ಆಟಗಳ ನಡುವಿನ ಅಂತರ ತಾನಾಗಿಯೇ ತಿಳಿಯುತ್ತದೆ.

ನೀವು ನೋಡಿದ ಪಂದ್ಯ ಫೆಬ್ರುವರಿ 15ರಂದು ಮಾಂಟ್ರಿಯಲ್‌ನಲ್ಲಿ ನಡೆದದ್ದು. ಅಮೆರಿಕದ ಕಡೆಯಿಂದ ಅಣ್ಣ ಮ್ಯಾಥ್ಯೂ ಕಚಕ್ ಮೊದಲು ಕೈ ಎತ್ತಿದರು, ಮರುಕ್ಷಣ ತಮ್ಮ ಬ್ರೇಡಿ, ಆಮೇಲೆ ಜೆ. ಟಿ. ಮಿಲ್ಲರ್. ಇದು ದೇಶ–ದೇಶಗಳ ಪಂದ್ಯವಾದರೂ ಎನ್‌ಎಚ್‌ಎಲ್ ನಡೆಸಿದ ಟೂರ್ನಿಯಾದ್ದರಿಂದ ಅದರದೇ ನಿಯಮ ನಡೆಯಿತು. ಒಲಿಂಪಿಕ್ಸ್‌ನಲ್ಲಿ ಹೀಗಾಗಿದ್ದರೆ ಆರೂ ಮಂದಿ ಆಟದಿಂದಲೇ ಹೊರಗಿರುತ್ತಿದ್ದರು. ಆ ದಿನ ಅಮೆರಿಕ 3–1ರಿಂದ ಗೆದ್ದಿತು. ಐದು ದಿನಗಳ ನಂತರ ಫೈನಲ್‌ನಲ್ಲಿ ಅದೇ ಕೆನಡಾ ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದು ಕಪ್ ಎತ್ತಿತು. ಫೈನಲ್‌ನಲ್ಲಿ ಯಾರೂ ಹೊಡೆದಾಡಲು ಗ್ಲೌಸ್ ಕಳಚಲಿಲ್ಲ ಎಂಬುದನ್ನು ಮೊಮ್ಮಗನಿಗೆ ಹೇಳಿ.

ತೀರ್ಪುಗಾರರು ಸುಮ್ಮನಿದ್ದರೆಂಬ ನಿಮ್ಮ ಆಕ್ಷೇಪಕ್ಕೂ ಒಂದು ಮಾತು. ಕಾಲ ಕೆಳಗೆ ಉಕ್ಕಿನ ಅಲಗು, ಅದರ ಕೆಳಗೆ ನುಣುಪಾದ ಮಂಜುಗಡ್ಡೆ ಇರುವಾಗ ಬೀಸಿ ಹೊಡೆದ ರಭಸಕ್ಕೆ ಹೊಡೆದವನೇ ಹಿಂದಕ್ಕೆ ಜಾರುತ್ತಾನೆ. ಆದ್ದರಿಂದ ಸ್ಟಿಕ್ಕನ್ನೂ ಗ್ಲೌಸನ್ನೂ ಕೆಳಗೆ ಬಿಸುಟು, ಎದುರಾಳಿಯ ಜೆರ್ಸಿಯನ್ನು ಭುಜದ ಬಳಿ ಎಡಗೈಯಲ್ಲಿ ಹಿಡಿತುಂಬ ಹಿಡಿದುಕೊಂಡು, ಅವನನ್ನೇ ಊರೆಗೋಲಾಗಿ ಮಾಡಿಕೊಂಡು ಬಲಗೈ ಬೀಸುತ್ತಾರೆ. ಲೈನ್ಸ್‌ಮನ್ ಎಂಬ ಇಬ್ಬರು ಸಹಾಯಕ ತೀರ್ಪುಗಾರರು ಒಂದು ಮಾರು ದೂರದಲ್ಲಿ ಸುತ್ತು ಹಾಕುತ್ತಾ, ಬಿದ್ದ ಸ್ಟಿಕ್ಕುಗಳನ್ನು ಕಾಲಿನಿಂದ ಆಚೆ ತಳ್ಳುತ್ತಾ ಕಾಯುತ್ತಾರೆ. ಒಬ್ಬ ಬಿದ್ದ ಕೂಡಲೇ ಅಥವಾ ಇಬ್ಬರೂ ಸುಸ್ತಾಗಿ ತಬ್ಬಿಕೊಂಡ ಕೂಡಲೇ ನಡುವೆ ನುಗ್ಗುತ್ತಾರೆ. ಬೀಸುವ ಕೈಗಳ ನಡುವೆ ಮೊದಲೇ ಹೋಗಿ ಒಬ್ಬನ ಕೈ ಹಿಡಿದರೆ ಇನ್ನೊಬ್ಬನಿಗೆ ಹೊಡೆಯಲು ಅನುಕೂಲ ಮಾಡಿಕೊಟ್ಟಂತಾಗುತ್ತದೆ ಎಂಬುದು ಅವರ ಅನುಭವ. ಬಫಲೋ ತಂಡದ ರಾಬ್ ರೇ ಎಂಬವರು ಹಿಡಿಯಲು ಏನೂ ಸಿಗದಿರಲೆಂದು ಜೆರ್ಸಿಯನ್ನೇ ಕಳಚಿಕೊಂಡು ಬರಿಮೈಯಲ್ಲಿ ಹೊಡೆದಾಡುತ್ತಿದ್ದರು. ಅವರ ದೆಸೆಯಿಂದಾಗಿ ಜೆರ್ಸಿಯನ್ನು ಚಡ್ಡಿಗೆ ಪಟ್ಟಿಯಿಂದ ಬಿಗಿದುಕೊಳ್ಳಬೇಕೆಂಬ ನಿಯಮ ಬಂತು. ಗುದ್ದಾಟವನ್ನು ನಿಷೇಧಿಸುವ ಬದಲು ಅದಕ್ಕೆ ಉಡುಪಿನ ಶಿಸ್ತು ಕಲಿಸಿದ ಆಟ ಬೇರೊಂದು ನನಗೆ ಗೊತ್ತಿಲ್ಲ.

ಪ್ರಶ್ನೆ: ಪ್ರತಿ ತಂಡದಲ್ಲೂ ಹೊಡೆದಾಡಲೆಂದೇ ಒಬ್ಬ ಜಟ್ಟಿಯನ್ನು ಇಟ್ಟುಕೊಂಡಿರುತ್ತಾರಂತೆ, ನಿಜವೇ? ಅವನಿಗೂ ಸಂಬಳ ಕೊಡುತ್ತಾರೆಯೇ?
— ಓದುಗರು, ಮೈಸೂರು

ಉತ್ತರ: ಇಟ್ಟುಕೊಂಡಿದ್ದರು, ಸಂಬಳವನ್ನೂ ಕೊಡುತ್ತಿದ್ದರು. ಅವನನ್ನು ಎನ್‌ಫೋರ್ಸರ್ ಎಂದು ಕರೆಯುವುದು ರೂಢಿ. ತಂಡದ ಒಳ್ಳೆಯ ಆಟಗಾರನ ಮೇಲೆ ಯಾರಾದರೂ ಸ್ಟಿಕ್ ಬೀಸಿದರೆ ಅಥವಾ ಅಡ್ಡಾದಿಡ್ಡಿ ಗುದ್ದಿದರೆ ಅವನಿಗೆ ಉತ್ತರ ಕೊಡುವುದು ಈತನ ಕೆಲಸ. ವೇಯ್ನ್ ಗ್ರೆಟ್ಸ್‌ಕಿಯಂಥ ಸಪೂರ ಮೈಯ ಆಟಗಾರ ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದರ ಹಿಂದೆ ಎಡ್ಮಂಟನ್ ತಂಡದಲ್ಲಿ ಅವರ ಆಸುಪಾಸಿನಲ್ಲೇ ಇರುತ್ತಿದ್ದ ಡೇವ್ ಸೆಮೆಂಕೊ, ಮಾರ್ಟಿ ಮೆಕ್‌ಸಾರ್ಲಿ ಅವರ ನೆರಳೂ ಇತ್ತು. 1988ರಲ್ಲಿ ಗ್ರೆಟ್ಸ್‌ಕಿ ಲಾಸ್ ಏಂಜಲೀಸ್‌ಗೆ ಹೋದಾಗ ಮೆಕ್‌ಸಾರ್ಲಿಯೂ ಜೊತೆಗೇ ಹೋದರು.

ಫಿಲಡೆಲ್ಫಿಯಾ ತಂಡ ಇದನ್ನು ಒಬ್ಬನ ಕೆಲಸವಾಗಿ ಉಳಿಸದೆ ಇಡೀ ತಂಡದ ಪದ್ಧತಿಯಾಗಿಸಿ 1974 ಮತ್ತು 1975ರಲ್ಲಿ ಎನ್‌ಎಚ್‌ಎಲ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಿತು. ಆ ತಂಡದ ಡೇವ್ ಶುಲ್ಟ್ಸ್ 1974–75ರ ಋತುವಿನಲ್ಲಿ ಒಟ್ಟು 472 ನಿಮಿಷಗಳ ಶಿಕ್ಷೆ ಪಡೆದರು; ಒಂದು ಪಂದ್ಯಕ್ಕೆ ಅರವತ್ತೇ ನಿಮಿಷ ಎಂಬುದನ್ನು ನೆನೆದರೆ ಸುಮಾರು ಎಂಟು ಪೂರ್ಣ ಪಂದ್ಯಗಳಷ್ಟು ಹೊತ್ತಿನ ಶಿಕ್ಷೆ ಅದು. ಆ ದಾಖಲೆ ಇಂದಿಗೂ ಮುರಿದಿಲ್ಲ, ಇನ್ನು ಮುರಿಯಲಾರದು.

ಲೀಗ್ ಕೈಕಟ್ಟಿ ಕೂತಿರಲಿಲ್ಲ, ಆದರೆ ಬೇಲಿಯನ್ನು ಸುತ್ತಲೂ ಹಾಕುತ್ತಾ ಬಂದು ನಡುವಿನ ಹೊಲವನ್ನು ಹಾಗೇ ಬಿಟ್ಟಿತು. ಇಬ್ಬರ ಜಗಳಕ್ಕೆ ಮೂರನೆಯವನು ಸೇರಿದರೆ ಅವನನ್ನು ಹೊರಹಾಕುವ ನಿಯಮ 1971ರಲ್ಲಿ ಬಂತು. ಬೆಂಚಿನಿಂದ ಮೊದಲು ಎದ್ದು ಬಂದು ಜಗಳಕ್ಕೆ ಸೇರುವವನಿಗೆ ಹತ್ತು ಪಂದ್ಯಗಳ ನಿಷೇಧ 1987ರಲ್ಲಿ ಬಂತು. 1992ರಲ್ಲಿ, ಜಗಳವನ್ನು ಹುಟ್ಟುಹಾಕಿದವನಿಗೆ ಐದು ನಿಮಿಷದ ಮೇಲೆ ಹೆಚ್ಚಿನ ಶಿಕ್ಷೆ ವಿಧಿಸುವ ನಿಯಮ ಬಿಗಿಯಾಯಿತು. ಈ ಕೊನೆಯ ನಿಯಮ ಬಂದದ್ದೇ ಹಳಬರು ಗೊಣಗಿದರು: ಇನ್ನು ಜಟ್ಟಿಗಳ ಕೈ ಕಟ್ಟಿದಂತಾಯಿತು, ಕಿಡಿಗೇಡಿಗಳಿಗೆ ಹೆದರಿಕೆಯೇ ಇರುವುದಿಲ್ಲ ಎಂದು. ಗುದ್ದಾಟವಿದ್ದರೆ ಸ್ಟಿಕ್ಕಿನ ಹೊಡೆದಾಟ ಕಡಿಮೆಯಾಗುತ್ತದೆ ಎಂಬ ಈ ವಾದವನ್ನು ನಾನೂ ಬಹಳ ಕಾಲ ಒಪ್ಪಿಕೊಂಡಿದ್ದೆ. ಈಗ ಒಪ್ಪುವುದಿಲ್ಲ. ಕಾವಲುಗಾರನನ್ನು ಇಟ್ಟುಕೊಳ್ಳದೆ ಆಟಗಾರರನ್ನು ಕಾಪಾಡಲಾಗದು ಎಂದರೆ ತೀರ್ಪುಗಾರರ ಕೈಯಲ್ಲಿ ಸೀಟಿ ಏಕೆ?

ನನ್ನ ಮನಸ್ಸು ಬದಲಾದದ್ದು ವಾದದಿಂದಲ್ಲ, ಡೆರೆಕ್ ಬೂಗಾರ್ಡ್ ಅವರ ಕಥೆಯಿಂದ. ಆರೂವರೆ ಅಡಿ ಮೀರಿದ ಎತ್ತರದ ಈ ಕೆನಡಾದ ಯುವಕ ಎನ್‌ಎಚ್‌ಎಲ್‌ನಲ್ಲಿ 277 ಪಂದ್ಯಗಳನ್ನಾಡಿ ಹೊಡೆದದ್ದು ಮೂರೇ ಗೋಲು. ಮಿನೆಸೋಟಾದ ಪ್ರೇಕ್ಷಕರಿಗೆ ಆತ ಕಣ್ಮಣಿ. ಗುದ್ದಾಡಿದ ಕೈಗಳ ನೋವಿಗೆ, ಬೆನ್ನಿನ ನೋವಿಗೆ, ತಲೆಯ ಪೆಟ್ಟುಗಳಿಗೆ ಮಾತ್ರೆ ನುಂಗುವುದು ಚಟವಾಯಿತು. 2010ರ ಡಿಸೆಂಬರಿನ ಒಂದು ಹೊಡೆದಾಟದಲ್ಲಿ ತಲೆಗೆ ಬಿದ್ದ ಪೆಟ್ಟಿನ ನಂತರ ಮತ್ತೆ ಆಡಲಿಲ್ಲ. 2011ರ ಮೇ ತಿಂಗಳಲ್ಲಿ, 28ನೇ ವಯಸ್ಸಿನಲ್ಲಿ, ನೋವುನಿವಾರಕ ಮಾತ್ರೆ ಮತ್ತು ಮದ್ಯ ಸೇರಿ ಆಕಸ್ಮಿಕವಾಗಿ ಪ್ರಾಣ ತೆಗೆದವು. ಮನೆಯವರು ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟರು. ಮತ್ತೆ ಮತ್ತೆ ಪೆಟ್ಟು ತಿಂದ ಮಿದುಳುಗಳಲ್ಲಿ ಕಾಣುವ, ಸತ್ತ ಮೇಲಷ್ಟೇ ಖಚಿತಪಡಿಸಲಾಗುವ ಸಿಟಿಇ ಎಂಬ ಕಾಯಿಲೆ ಅದರಲ್ಲಿತ್ತು. ಅದೇ ಬೇಸಿಗೆಯ ಆಗಸ್ಟ್ ಮುಗಿಯುವುದರೊಳಗೆ ಇದೇ ಕೆಲಸ ಮಾಡಿದ್ದ ರಿಕ್ ರಿಪಿಯನ್, ವೇಡ್ ಬೆಲಾಕ್ ಕೂಡ ತೀರಿಕೊಂಡರು. ಮೂರು ಸಾವುಗಳಿಗೂ ಒಂದೇ ಕಾರಣ ಹೇಳಲಾಗದು. ಆದರೆ ನಾಲ್ಕು ತಿಂಗಳಲ್ಲಿ ಮೂವರು ಹೋದಾಗ, ಗ್ಯಾಲರಿಯಲ್ಲಿ ಎದ್ದು ನಿಂತು ಕೂಗಿದವರಿಗೆ ಗಂಟಲು ಕಟ್ಟಿದ್ದು ಸುಳ್ಳಲ್ಲ.

ತಲೆಯ ಪೆಟ್ಟಿನ ಕುರಿತು ಮಾಜಿ ಆಟಗಾರರು ಹೂಡಿದ್ದ ದಾವೆ 2018ರಲ್ಲಿ ಸುಮಾರು 1.9 ಕೋಟಿ ಡಾಲರ್‌ಗೆ ರಾಜಿಯಾಯಿತು, ಲೀಗ್ ಮಾತ್ರ ತನ್ನ ತಪ್ಪನ್ನು ಒಪ್ಪಿಕೊಳ್ಳಲಿಲ್ಲ.

ಪ್ರಶ್ನೆ: ಬೀದಿಯಲ್ಲಿ ಹೀಗೆ ಹೊಡೆದಾಡಿದರೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ. ಮಂಜುಗಡ್ಡೆಯ ಅಂಗಳವಾದ ರಿಂಕಿನೊಳಗೆ ಕಾನೂನು ಇಲ್ಲವೇ?
— ವಕೀಲಿ ವೃತ್ತಿಯ ಓದುಗರು, ದಾವಣಗೆರೆ

ಉತ್ತರ: ಇದೆ, ಆದರೆ ಅಪರೂಪಕ್ಕೆ ಒಳಗೆ ಕಾಲಿಡುತ್ತದೆ. ಆಟಕ್ಕಿಳಿದವನು ಆಟದಲ್ಲಿ ಸಹಜವಾದ ಪೆಟ್ಟುಗಳಿಗೆ ಒಪ್ಪಿಗೆ ಕೊಟ್ಟಂತೆಯೇ ಎಂದು ನ್ಯಾಯಾಲಯಗಳು ಭಾವಿಸುತ್ತವೆ. ಒಪ್ಪಿ ಗ್ಲೌಸ್ ಕಳಚಿದ ಇಬ್ಬರ ಗುದ್ದಾಟವೂ ಸಾಮಾನ್ಯವಾಗಿ ಆ ಒಪ್ಪಿಗೆಯೊಳಗೇ ಬಂದುಬಿಡುತ್ತದೆ. ಗೆರೆ ದಾಟಿದ ಎರಡು ಪ್ರಕರಣಗಳು ಪ್ರಸಿದ್ಧ, ಎರಡೂ ವ್ಯಾಂಕೂವರ್‌ನಲ್ಲಿ ನಡೆದವು. 2000ದ ಫೆಬ್ರುವರಿಯಲ್ಲಿ, ಮೇಲೆ ಹೇಳಿದ ಅದೇ ಮೆಕ್‌ಸಾರ್ಲಿ, ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಡೊನಾಲ್ಡ್ ಬ್ರಶೇರ್ ಅವರ ತಲೆಗೆ ಪಕ್ಕದಿಂದ ಸ್ಟಿಕ್ ಬೀಸಿದರು. ಬ್ರಶೇರ್ ಬಿದ್ದಾಗ ತಲೆ ಮಂಜುಗಡ್ಡೆಗೆ ಬಡಿಯಿತು. ಆಯುಧದಿಂದ ಹಲ್ಲೆ ಮಾಡಿದ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಯಿತು, ಜೈಲುಶಿಕ್ಷೆ ಆಗಲಿಲ್ಲ. ಮೆಕ್‌ಸಾರ್ಲಿ ಎನ್‌ಎಚ್‌ಎಲ್‌ನಲ್ಲಿ ಮತ್ತೆ ಆಡಲೂ ಇಲ್ಲ. 2004ರ ಮಾರ್ಚ್ 8ರಂದು ಟಾಡ್ ಬರ್ಟುಜಿ, ಗುದ್ದಾಟಕ್ಕೆ ಒಲ್ಲೆನೆಂದು ಹೊರಟ ಸ್ಟೀವ್ ಮೂರ್ ಅವರನ್ನು ಹಿಂದಿನಿಂದ ಹೊಡೆದು ಕೆಡವಿದರು. ಮೂರ್ ಅವರ ಕತ್ತಿನ ಮೂಳೆಗಳು ಮುರಿದವು, ಆಟದ ಬದುಕು ಅಲ್ಲಿಗೇ ಮುಗಿಯಿತು. ಬರ್ಟುಜಿ ಹಲ್ಲೆಯ ಅಪರಾಧ ಒಪ್ಪಿಕೊಂಡು ಷರತ್ತಿನ ಮೇಲೆ ಬಿಡುಗಡೆಯಾದರು. ಪರಿಹಾರದ ದಾವೆ ಮಾತ್ರ ವರ್ಷಗಟ್ಟಲೆ ಎಳೆದು 2014ರಲ್ಲಿ ರಾಜಿಯಾಯಿತು. ‘ಒಲ್ಲೆ’ ಎಂದವನನ್ನು ಹೊಡೆದದ್ದು ಇಲ್ಲಿ ಗೆರೆಯಾಯಿತೆಂಬುದನ್ನು ವಕೀಲರಾದ ತಾವು ಗಮನಿಸುವಿರಿ.

ಪ್ರಶ್ನೆ: ಜನ ಹಾಕಿ ನೋಡಲು ಬರುತ್ತಾರೋ, ಹೊಡೆದಾಟ ನೋಡಲು ಬರುತ್ತಾರೋ?
— ಓದುಗರು, ಶಿವಮೊಗ್ಗ

ಉತ್ತರ: ಹಾಕಿ ನೋಡಲು ಬರುತ್ತಾರೆ, ಹೊಡೆದಾಟವಾದರೆ ಎದ್ದು ನಿಲ್ಲುತ್ತಾರೆ. 1980ರ ದಶಕದಲ್ಲಿ ಸರಾಸರಿ ಪಂದ್ಯಕ್ಕೊಂದು ಗುದ್ದಾಟವಿದ್ದದ್ದು 2008–09ರ ಹೊತ್ತಿಗೆ ಋತುವಿಗೆ 700ಕ್ಕೆ ಚಿಲ್ಲರೆ, ಅಂದರೆ ಸುಮಾರು ಎರಡು ಪಂದ್ಯಕ್ಕೊಂದು ಎಂಬಂತಾಗಿ, ಇನ್ನೊಂದು ಹತ್ತು ವರ್ಷದಲ್ಲಿ 300ಕ್ಕಿಂತ ಕೆಳಗಿಳಿಯಿತು. ಅದಕ್ಕಾಗಿ ಗ್ಯಾಲರಿಗಳು ಖಾಲಿಯಾಗಲಿಲ್ಲ. 2005ರಲ್ಲಿ ತಂಡಗಳ ಸಂಬಳಕ್ಕೆ ಮಿತಿ ಬಂತು, ಅದೇ ವರ್ಷ ಆಟದ ವೇಗ ಹೆಚ್ಚಿಸುವ ನಿಯಮಗಳೂ ಬಂದವು. ಸರಿಯಾಗಿ ಸ್ಕೇಟ್ ಮಾಡಲು ಬಾರದ ಜಟ್ಟಿಗೆ ತಂಡದಲ್ಲಿ ಒಂದು ಸ್ಥಾನ ಮೀಸಲಿಡುವುದು ದುಬಾರಿಯಾಯಿತು. ಕರುಣೆಯಿಂದ ಆಗದ ಸುಧಾರಣೆ ಲೆಕ್ಕಾಚಾರದಿಂದ ಆಯಿತು.

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಕೆನಡಾದ ಬ್ರ್ಯಾಂಪ್ಟನ್‌ನಲ್ಲಿದ್ದೇವೆ. ಹನ್ನೆರಡು ವರ್ಷದ ಮಗ ಹಾಕಿ ಆಡುತ್ತಾನೆ. ಊರಿನಿಂದ ಅತ್ತೆಯವರು ಫೋನ್ ಮಾಡಿದಾಗಲೆಲ್ಲ ‘ಮಗುವನ್ನು ಆ ಹೊಡೆದಾಟದ ಆಟಕ್ಕೆ ಏಕೆ ಕಳುಹಿಸುತ್ತೀಯಮ್ಮಾ’ ಎಂದು ಕೇಳುತ್ತಾರೆ. ಏನು ಹೇಳಲಿ?
— ಓದುಗರು, ಬ್ರ್ಯಾಂಪ್ಟನ್

ಉತ್ತರ: ಮಗ ಆಡುವ ಹಂತದಲ್ಲಿ ಗುದ್ದಾಟವಂತೂ ಇಲ್ಲ, ಬಾಡಿ ಚೆಕ್ ಕೂಡ ಇಲ್ಲ ಎಂದು ಹೇಳಿ; ಅತ್ತೆಯವರ ಅರ್ಧ ಭಯ ಇಳಿಯುತ್ತದೆ. 11–12 ವಯಸ್ಸಿನವರ ಹಂತದಲ್ಲಿ ಬಾಡಿ ಚೆಕ್ ಅನ್ನು ಹಾಕಿ ಕೆನಡಾ ಸಂಸ್ಥೆ 2013ರಲ್ಲಿ ದೇಶಾದ್ಯಂತ ನಿಷೇಧಿಸಿತು. ಅದಕ್ಕೆ ಮುಂಚೆ ಆಲ್ಬರ್ಟಾದಲ್ಲಿ ಆ ವಯಸ್ಸಿಗೆ ಬಾಡಿ ಚೆಕ್ ಇತ್ತು, ಕ್ವೆಬೆಕ್‌ನಲ್ಲಿ ಇರಲಿಲ್ಲ. ಎರಡೂ ಪ್ರಾಂತ್ಯಗಳ ಮಕ್ಕಳನ್ನು ಹೋಲಿಸಿ ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಲ್ಬರ್ಟಾದ ಮಕ್ಕಳಿಗೆ ತಲೆಗೆ ಪೆಟ್ಟಾಗುವ ಅಪಾಯ ಮೂರು ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿತ್ತು. ನಿಯಮ ಬದಲಾಗಲು ಅಂಥ ಲೆಕ್ಕಗಳು ಕಾರಣವಾದವು.

ನೀವು ಯೋಚಿಸಬೇಕಾದದ್ದು ಮುಂದಿನ ಹಂತದ ಬಗ್ಗೆ. ಹದಿಮೂರು ದಾಟಿದ ಮೇಲೆ ಸ್ಪರ್ಧಾತ್ಮಕ ತಂಡಗಳಲ್ಲಿ ಬಾಡಿ ಚೆಕ್ ಶುರುವಾಗುತ್ತದೆ. ಅದೇ ವಯಸ್ಸಿನಲ್ಲಿ ಒಬ್ಬ ಹುಡುಗನಿಗೆ ಮೀಸೆ ಮೂಡಿರುತ್ತದೆ, ಪಕ್ಕದವನು ಇನ್ನೂ ಎಳೆಯನಾಗಿರುತ್ತಾನೆ. ಬಾಡಿ ಚೆಕ್ ಇಲ್ಲದ ವಿಭಾಗವನ್ನು ಆರಿಸಿಕೊಳ್ಳುವ ಅವಕಾಶ ನಿಮ್ಮಲ್ಲಿದೆಯೇ ಎಂದು ಸಂಘದವರನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ. ಕತ್ತಿನ ರಕ್ಷಾಕವಚವನ್ನು ಸೆಕೆ ಎಂದು ಅವನು ಬಿಚ್ಚಿಟ್ಟರೆ ಬಿಡಬೇಡಿ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪಂದ್ಯವೊಂದರಲ್ಲಿ ಆಡಮ್ ಜಾನ್ಸನ್ ಅವರ ಕತ್ತಿಗೆ ಸ್ಕೇಟಿನ ಅಲಗು ತಗುಲಿ ಪ್ರಾಣ ಹೋಯಿತು, ಅದು ಗುದ್ದಾಟವೂ ಅಲ್ಲ. ಇನ್ನು ತಲೆಗೆ ಪೆಟ್ಟು ಬಿದ್ದು ಮಗ ಮಂಕಾಗಿ ಕೂತರೆ, ಬೆಳಕು ಕಂಡರೆ ಕಣ್ಣು ಕಿರಿದು ಮಾಡಿದರೆ, ವಾಕರಿಕೆ ಎಂದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ ಆ ದಿನ ಮತ್ತೆ ರಿಂಕಿಗೆ ಇಳಿಸದೆ ವೈದ್ಯರಿಗೆ ತೋರಿಸಿ. ‘ನನಗೇನೂ ಆಗಿಲ್ಲ’ ಎಂಬ ಅವನ ಮಾತನ್ನು ನಂಬಬೇಡಿ. ಹೀಗೆ ಹೇಳುವುದನ್ನು ಹುಡುಗರು ಬೇಗ ಕಲಿಯುತ್ತಾರೆ.

ಪ್ರಶ್ನೆ: ಗುದ್ದಾಟವನ್ನು ಬದಿಗಿಟ್ಟರೂ ಈ ಆಟಗಾರರು ಗಟ್ಟಿಗರೆನ್ನುತ್ತಾರೆ. ಆ ಗಟ್ಟಿತನ ಎಲ್ಲಿದೆ? ನಮ್ಮ ಹಾಕಿಯಲ್ಲಿ ಅಂಥದ್ದು ಇಲ್ಲವೇ?
— ಓದುಗರು, ಮಡಿಕೇರಿ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದು. ಗಟ್ಟಿತನ ಬೇರೆ, ಗುದ್ದಾಟ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಮಾರಿದ್ದರಿಂದ ಗಟ್ಟಿತನಕ್ಕೂ ಕೆಟ್ಟ ಹೆಸರು ಬಂತು.

ಪಕ್ ಎಂಬುದು ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಡುಸು ರಬ್ಬರಿನ ಬಿಲ್ಲೆ. ಪುಟಿಯದಿರಲೆಂದು ಅದನ್ನು ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿಡುತ್ತಾರೆ. ತೂಕ 156ರಿಂದ 170 ಗ್ರಾಂ, ಹೆಚ್ಚುಕಡಿಮೆ ನಮ್ಮ ಹಾಕಿ ಚೆಂಡಿನಷ್ಟೇ. ಬಲವಾದ ಹೊಡೆತದಲ್ಲಿ ಅದು ಗಂಟೆಗೆ 160 ಕಿ.ಮೀ. ದಾಟುತ್ತದೆ, ಜ್ಡೆನೊ ಖಾರಾ 2012ರ ಸ್ಪರ್ಧೆಯೊಂದರಲ್ಲಿ 175 ಕಿ.ಮೀ. ಮುಟ್ಟಿಸಿದ್ದರು. ಗೋಲ್‌ಕೀಪರ್ ಅಲ್ಲದ ಆಟಗಾರರು ಇಂಥದ್ದಕ್ಕೆ ಮೈಯೊಡ್ಡಿ ಅಡ್ಡ ಬೀಳುವುದು ಪ್ರತಿ ಪಂದ್ಯದಲ್ಲೂ ನಡೆಯುವ ಕೆಲಸ. 2013ರ ಜೂನ್ 5ರಂದು ಬಾಸ್ಟನ್‌ನ ಗ್ರೆಗರಿ ಕ್ಯಾಂಪ್‌ಬೆಲ್ ಹೀಗೆ ಅಡ್ಡ ಬಿದ್ದಾಗ ಪಕ್ ತಗುಲಿ ಕಾಲಿನ ಮೂಳೆ ಮುರಿಯಿತು. ತಂಡ ಆಗಲೇ ಒಬ್ಬನ ಕೊರತೆಯಲ್ಲಿ ಆಡುತ್ತಿತ್ತು. ಅವರು ಎದ್ದರು, ಒಂದೇ ಕಾಲಿನ ಮೇಲೆ ಭಾರ ಹಾಕಿ, ಸ್ಟಿಕ್ ಚಾಚಿ ಪಾಸುಗಳಿಗೆ ಅಡ್ಡಲಾಗಿ ಸುಮಾರು ಒಂದು ನಿಮಿಷ ಅಲ್ಲೇ ನಿಂತರು. ಅದೇ ತಂಡದ ಪ್ಯಾಟ್ರಿಸ್ ಬರ್ಜರಾನ್ ಅದೇ ತಿಂಗಳ ಫೈನಲ್ ಸರಣಿಯ ಕೊನೆಯ ಪಂದ್ಯವನ್ನು ಮುರಿದ ಪಕ್ಕೆಲುಬಿನೊಂದಿಗೆ ಆಡಿ, ಮುಗಿದ ಮೇಲೆ ಶ್ವಾಸಕೋಶ ಕುಸಿದು ಆಸ್ಪತ್ರೆ ಸೇರಿದರು. ಮೊದಲನೆಯದಕ್ಕೆ ನನ್ನ ಮೆಚ್ಚುಗೆಯಿದೆ. ಎರಡನೆಯದಕ್ಕೆ ಇಲ್ಲ, ಅಂಥವರನ್ನು ಆಡಲು ಬಿಡಬಾರದಿತ್ತು ಎಂದೇ ನನಗೆ ಅನಿಸುತ್ತದೆ.

ನಮ್ಮ ಹಾಕಿಯಲ್ಲಿ ಅಂಥದ್ದು ಇಲ್ಲವೇ ಎಂದು ಮಡಿಕೇರಿಯವರು ಕೇಳುವುದು ಸ್ವಲ್ಪ ತಮಾಷೆಯೇ. 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ, ಗೋಲಿನ ಬಳಿ ತಪ್ಪು ಮಾಡಿದ್ದಕ್ಕೆ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್ ಎಂದು ಸೀಟಿ ಊದಿದ ಕೂಡಲೇ ಗೋಲಿನ ಗೆರೆಯ ಮೇಲೆ ನಿಲ್ಲುವ ಐವರ ಮುಖ ನೋಡಿ. ಅವರಲ್ಲಿ ಮೊದಲು ಓಡುವವನು ಚೆಂಡು ಒಳಬಂದ ಕ್ಷಣವೇ ಹೊಡೆಯುವವನ ಎದುರಿಗೇ ನುಗ್ಗಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಾದರೆ ಗಂಟೆಗೆ 100 ಕಿ.ಮೀ. ಮೀರಿ ಬರುವ ಡ್ರ್ಯಾಗ್ ಫ್ಲಿಕ್‌ಗೆ, ಅಂದರೆ ಸ್ಟಿಕ್ಕಿನಲ್ಲಿ ಎಳೆದು ಎಸೆದ ಚೆಂಡಿಗೆ, ಮುಖಕ್ಕೊಂದು ಮಾಸ್ಕ್, ಕೈಗೆ ಗ್ಲೌಸ್, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ತನ್ನ ಮೈಯನ್ನೇ ಗುರಿಯಾಗಿ ಒಡ್ಡುತ್ತಾನೆ. ಚೆಂಡು ತೊಡೆಗೋ ಮೊಣಕಾಲಿಗೋ ಬಡಿದರೆ ಉಜ್ಜಿಕೊಂಡು ಹಿಂತಿರುಗುತ್ತಾನೆ, ಇನ್ನೊಂದು ಕಾರ್ನರ್ ಸಿಕ್ಕಿದ್ದರೆ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾನೆ. ಭಾರತ ತಂಡದಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿ ಹೆಸರಾದವರು, ಗೋಣಿಕೊಪ್ಪಲಿನ ಓದುಗರು ಮೇಲೆ ನೆನೆಸಿಕೊಂಡ ಅಮಿತ್ ರೋಹಿದಾಸ್. ಪ್ಯಾರಿಸ್‌ನಲ್ಲಿ ಅವರು ಹೊರಗಿದ್ದ ಹೊತ್ತಿನಲ್ಲಿ ಬ್ರಿಟನ್ನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದಾಗಲೆಲ್ಲ ಮಾಸ್ಕ್ ಕಟ್ಟಿಕೊಂಡು ಬೇರೊಬ್ಬರು ಓಡಬೇಕಾಯಿತು.